ಜಯಮ್ಮ ತಂದು ತೋರಿಸಿದ ರವಿಕೆ ಕಣ

ಆ ಚೀಲ ನನ್ನ ಮಗಳದು, ಜಯಮ್ಮ. ಅದನ್ನು ಹೊಲಿದವಳು ನಾನು. ಪ್ರಿನ್ಸಿಪಾಲರ ಮೇಜಿನ ಮೇಲೆ ಕಂಡ ಕೂಡಲೇ ಗುರುತು ಹಿಡಿದೆ — ಹಿಡಿದೂ, ಅದು ನಿಮ್ಮ ಕಾವ್ಯಳದು ಎಂದು ತೋರುವ ಹಾಗೆ ಮಾತಾಡಿದೆ. ಮೂರು ವರ್ಷವಾಯಿತು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಬರೆಯುತ್ತ ಹೋದರೆ ಎಲ್ಲಿ ನುಣುಚಿಕೊಳ್ಳುತ್ತೇನೋ — ನನ್ನನ್ನು ನಾನು ಬಲ್ಲೆ.

ಸಹನಾ, ಕಾವ್ಯ ಇಬ್ಬರೂ ಆಗ ಸೆಕೆಂಡ್ ಪಿಯುಸಿ, ಒಂದೇ ಬೆಂಚು. ಹೆಬ್ಬೂರಿನ ಬಸ್ಸಿಗೆ ಹೊತ್ತಿದ್ದರೆ ಕಾವ್ಯ ತುಮಕೂರಿನ ನಮ್ಮ ಮನೆಗೇ ಬರುತ್ತಿದ್ದಳು. ಕಾಫಿ ಕುಡಿದ ಲೋಟ ತೊಳೆದು ಬೋರಲು ಹಾಕದೆ ಹೋದವಳಲ್ಲ. ನರ್ಸಿಂಗ್ ಓದಬೇಕೆಂಬ ಆಸೆ. ನಮ್ಮ ಅತ್ತೆಯ ಬಿಪಿ ನೋಡುವುದನ್ನು ಮೆಷಿನ್ ಹಿಡಿದು ತಾನೇ ಕಲಿತಿದ್ದಳು. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ನೀವೂ ಬಂದಿರಿ — ಡೈರಿಗೆ ಹಾಲು ಹಾಕಿ, ಸೀರೆ ಬದಲಿಸಿ, ಬಸ್ಸು ಹತ್ತಿ. ತಾಂಬೂಲದ ಜೊತೆ ಕೊಡಲೆಂದು ಒಂದೇ ತಾನಿನಿಂದ ರವಿಕೆ ಕಣಗಳನ್ನು ಕತ್ತರಿಸಿ ತಂದಿದ್ದೆ: ಮೆರೂನ್ ಬಣ್ಣ, ಸಾಸಿವೆಯಷ್ಟು ಚಿನ್ನದ ಚುಕ್ಕಿ. ನಿಮಗೊಂದು ಕೊಟ್ಟೆ. ಮಿಕ್ಕಿದ್ದ ಒಂದರಲ್ಲಿ, ಓಲೆ ಕ್ಲಿಪ್ಪು ಇಟ್ಟುಕೊಳ್ಳಲೆಂದು ಸಹನಾಳಿಗೆ ಪುಟ್ಟ ಚೀಲ ಹೊಲಿದೆ.

ಅವಳು ಅದರಲ್ಲಿ ಗಾಂಜಾ ಇಟ್ಟುಕೊಂಡಳು.

ನನಗೆ ಗೊತ್ತಿರಲಿಲ್ಲ ಎಂದರೆ — ಇಲ್ಲ, ಸುಳ್ಳು. ಚೀಲದ್ದು ಗೊತ್ತಿರಲಿಲ್ಲ, ಉಳಿದದ್ದು ಮೂರು ವಾರದಿಂದ ಗೊತ್ತಿತ್ತು. ದುಪಟ್ಟಾದಲ್ಲಿ ಒಣ ತುಳಸಿ ಸುಟ್ಟಂಥ ವಾಸನೆ. ದೇವರಿಗೆ ಕೈಮುಗಿಯದವಳು ಕೋಣೆಯಲ್ಲಿ ಊದುಬತ್ತಿ ಹಚ್ಚತೊಡಗಿದ್ದಳು. ಸಂಜೆ ಕಣ್ಣು ಕೆಂಪು, ಆಮೇಲೆ ಇನ್ನಿಲ್ಲದ ಹಸಿವು. ನಾನು ಮಾಡಿದ್ದು ಏನು ಗೊತ್ತೇ? ಮೆಡಿಕಲ್ ಸ್ಟೋರಿನಿಂದ ಕಣ್ಣಿನ ಡ್ರಾಪ್ಸ್ ತಂದು ಅವಳ ಮೇಜಿನ ಮೇಲಿಟ್ಟೆ. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಗಾಂಜಾ ಎಂದರೆ ಬೇರೆಯವರ ಮನೆಯ ಮಾತು, ಪೇಪರಿನ ಒಳಪುಟದ ಮಾತು. ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತ ತಾಯಿಯ ಮನೆಗೆ ಅದು ಬರುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆ ಹೋದ ಮೇಲೂ ನಂಬಿದವಳ ಹಾಗೇ ಓಡಾಡಿಕೊಂಡಿದ್ದೆ.

ಚೀಲ ಸಿಕ್ಕಿದ್ದು ಅವರಿಬ್ಬರ ಬೆಂಚಿನ ಕೆಳಗೆ. ಇಬ್ಬರೂ ತಮ್ಮದಲ್ಲ ಎಂದರು. ಪ್ರಿನ್ಸಿಪಾಲರು ಎರಡೂ ಮನೆಯವರನ್ನು ಕರೆಸಿ, ಪೊಲೀಸರವರೆಗೆ ಹೋಗುವುದಿಲ್ಲ, ಆದರೆ ಯಾರದೆಂದು ತಿಳಿದರೆ ಅವರಿಗೆ ಟಿಸಿ ಕೊಡುತ್ತೇವೆ ಎಂದರು. ನಮ್ಮ ಮನೆಯ ಮಕ್ಕಳು ಅಂಥವರಲ್ಲ ಎಂದು ನನ್ನ ಗಂಡ ಹೇಳುತ್ತಲೇ ಇದ್ದರು. ಪ್ರಿನ್ಸಿಪಾಲರು ಮೇಜಿನ ಮೇಲೆ ಚೀಲದ ಒಳಮಗ್ಗುಲನ್ನು ಹೊರಗೆ ಮಾಡಿ ಇಟ್ಟಿದ್ದರು. ನನ್ನದೇ ಹೆಮ್ಮಿಂಗ್ — ಅಕ್ಕಿಕಾಳಿನಷ್ಟು ಅಂತರ, ಕೊನೆಯಲ್ಲಿ ಎರಡು ಗಂಟು. ನೀವು ಗೋಡೆಯ ಪಕ್ಕ ನಿಂತಿದ್ದಿರಿ. ಕುರ್ಚಿ ಖಾಲಿಯಿದ್ದರೂ ಕೂತಿರಲಿಲ್ಲ. ಸಹನಾ ನನ್ನನ್ನೇ ನೋಡುತ್ತಿದ್ದಳು.

ಆಗ ಹೇಳಿದೆ: "ಇದೇ ಬಟ್ಟೇನ ನಾನು ಹಬ್ಬಕ್ಕೆ ಇವ್ರಿಗೆ ಕೊಟ್ಟಿದ್ದೆ ಸರ್."

ಅಷ್ಟೇ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಎಷ್ಟು ಮೆತ್ತಗೆ ಹೇಳಿದೆನೆಂದರೆ — ನನಗೇ ನನ್ನ ಮೇಲೆ ಒಂದು ಕ್ಷಣ ಗೌರವ ಬಂತು. ಕಾವ್ಯ ಒಮ್ಮೆ ಸಹನಾಳ ಕಡೆ ನೋಡಿ ತಲೆ ತಗ್ಗಿಸಿದಳು. ಗೆಳತಿಯ ಹೆಸರು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ನೀವು ನಮ್ಮ ಬಾಗಿಲಿಗೆ ಬಂದಿರಿ. ಪೇಪರಿನಲ್ಲಿ ಸುತ್ತಿದ್ದ ಕಣವನ್ನು ಬಿಡಿಸಿ, ಅಂಚು ಹಿಡಿದು ತೋರಿಸಿದಿರಿ. ನಾನು ಹಾಕಿದ್ದ ಮಡಿಕೆಯೇ ಇತ್ತು, ಮೂಲೆಯಲ್ಲಿ ಕುಂಕುಮದ ಕಲೆ.

"ಕತ್ರಿನೇ ಆಕಿಲ್ಲ ಅಕ್ಕೋರೆ. ಪೆಟ್ಗೇಲೇ ಮಡಗಿದ್ದೆ. ಯಾರ್ಯಾರ್ಗೋ ಕೊಟ್ಟಿರ್ತೀರ, ಮರ್ತೋಗಿ ಹಂಗಂದ್ರೇನೋ. ಇನ್ನೂ ಟಿಸಿ ಬರ್ದಿಲ್ವಂತೆ. ಒಂದ್ ಮಾತ್ ಬಂದ್ ಹೇಳ್ಬುಡಿ, ಮಗ ಓದ್ಕಳ್ಳಿ."

ನೀವು ನನ್ನನ್ನು ಬೈಯಲಿಲ್ಲ. ಮರೆತಿರಬೇಕು ಎಂದು ನನಗೊಂದು ದಾರಿಯನ್ನೇ ಬಿಟ್ಟುಕೊಟ್ಟಿರಿ — 'ಹೌದು, ಮರೆತಿದ್ದೆ' ಎಂದರೆ ಸಾಕಿತ್ತು, ಮಾನವೂ ಉಳಿಯುತ್ತಿತ್ತು. ನಾನು ಹೇಳಿದ್ದು, "ಅವ್ರು ಡಿಸೈಡ್ ಮಾಡಾಯ್ತಂತೆ ಜಯಮ್ಮ, ನನ್ ಕೈಲಿ ಏನಿದೆ?" ಆಮೇಲೆ — ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ — ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ. ನೀವು ಕಣವನ್ನು ಅದೇ ಮಡಿಕೆಗೆ ಮಡಿಸಿಕೊಂಡು ಹೋದಿರಿ.

ಒಳಗಿಂದ ಸಹನಾ ಕೇಳಿಸಿಕೊಂಡಿದ್ದಳು. "ಅವ್ಳು ಒಂದ್ ಸಲಾನೂ ಮುಟ್ಟಿಲ್ಲಮ್ಮ," ಎಂದಳು. "ಬಿಡೇ ಅಂತ ನಂಗೇ ಬೈಯೋಳು." ಸುಮ್ಮನಿರು, ಎಲ್ಲ ನಿನಗೋಸ್ಕರವೇ ಎಂದೆ.

ಟಿಸಿಯಲ್ಲಿ ನಡತೆಯ ಕಾಲಮ್ಮಿಗೆ ಅವರು ಏನು ಬರೆದರೋ ನನಗೆ ಗೊತ್ತಿಲ್ಲ. ಗುಬ್ಬಿಯ ಕಾಲೇಜಿನವರು ಅದನ್ನು ನೋಡಿ ಸೀಟು ತುಂಬಿದೆ ಎಂದರಂತೆ. ಕಾವ್ಯ ಗಾರ್ಮೆಂಟ್ಸಿಗೆ ಹೋದಳು. ಹದಿನೆಂಟು ತುಂಬಿದ ತಿಂಗಳೇ ಅಮೃತೂರಿಗೆ ಕೊಟ್ಟು ಮದುವೆ ಮಾಡಿದಿರಿ. ಒಂದೊಂದನ್ನೂ ಹೆಬ್ಬೂರಿನಿಂದ ಬರುವ ಹೂವಿನವಳ ಬಾಯಲ್ಲಿ ಕೇಳಿ ತಿಳಿದೆ. ಕೇಳಿ, ಹೂವನ್ನು ಮೊಳ ಹಾಕಿಸಿಕೊಂಡು ಒಳಗೆ ಹೋದೆ.

ಸಹನಾ ಗಾಂಜಾ ಬಿಡಲಿಲ್ಲ. ಈಗ ಡಿಗ್ರಿ ಕೊನೆಯ ವರ್ಷ. ಊದುಬತ್ತಿ ಹಚ್ಚುವುದನ್ನೂ ನಿಲ್ಲಿಸಿದ್ದಾಳೆ. ಹೋದ ತಿಂಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೊದಲು ತಿಳಿದಾಗ ನೀವೇನು ಮಾಡಿದಿರಿ ಎಂದು ಅವರು ನನ್ನನ್ನು ಕೇಳಿದರು. ಸಾಮಾನ್ಯ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಸಹನಾ, "ಕಾವ್ಯ ವಿಷ್ಯ ಹೇಳಮ್ಮ," ಎಂದಳು. ಹೇಳಲಾಗಲಿಲ್ಲ. ಮನೆಗೆ ಬರುವವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ.

ಕಾಲೇಜಿಗೆ ಕಾಗದ ಬರೆದಿದ್ದೇನೆ — ಚೀಲ ಯಾರದು, ಹೊಲಿದವಳು ಯಾರು, ಸುಮ್ಮನಿದ್ದವಳು ಯಾರು, ಎಲ್ಲ. ಮುಂದೆ ಮಗಳ ಮದುವೆ ಆಗಬೇಕೆಂಬುದು ನೆನಪಿದೆಯಾ ಎಂದು ನನ್ನ ಗಂಡ ಕೇಳುತ್ತಿದ್ದಾರೆ. ಸಹನಾ ಓದಿ, ನನ್ನ ರುಜುವಿನ ಕೆಳಗೆ ತನ್ನದೂ ಹಾಕಿದಳು. ನಿಮಗೆ ಕ್ಷಮಿಸಿ ಎಂದು ಬರೆದು, ಹೊಡೆದುಹಾಕಿದೆ; ಅದಕ್ಕೆ ಉತ್ತರ ಕೊಡುವ ಕೆಲಸವನ್ನೂ ನಿಮ್ಮ ಮೇಲೆ ಹಾಕಬಾರದು.

ಸೋಮವಾರದ ಬಸ್ಸಿಗೆ ಬರುತ್ತೇನೆ. ನನ್ನನ್ನು ಒಳಗೆ ಕರೆಯಬೇಕಾಗಿಲ್ಲ, ಮಾತಾಡಿಸಬೇಕಾಗಿಲ್ಲ. ಆ ಕಾಗದದ ಒಂದು ಪ್ರತಿಯನ್ನು ತೆಗೆದುಕೊಳ್ಳಿ, ಸಾಕು. ಗುಬ್ಬಿಯ ಕಾಲೇಜಿನಲ್ಲಿ, ಅಮೃತೂರಿನ ಬೀಗರ ಮನೆಯಲ್ಲಿ, ಬೇಕಾದರೆ ನಮ್ಮ ಬೀದಿಯ ಪ್ರತಿ ಮನೆಯಲ್ಲಿ — ಯಾರಿಗೆ ತೋರಿಸಬೇಕೆಂದು ಕಾವ್ಯ ಹೇಳುತ್ತಾಳೋ ಅವರಿಗೆಲ್ಲ ತೋರಿಸಿ.