ಸತ್ತ ಕುರಿಯ ಚರ್ಮ

ಬೇರೆಯವರ ಕುರಿ ಕಾದು ಮರಿಯಲ್ಲಿ ಪಾಲು ತಗೊಳ್ಳೋರಿಗೆ ಶಿಕಾರಿಪುರದ ಕಡೆ ಒಂದು ಕಟ್ಟಳೆ ಇತ್ತು. ಕುರಿ ಸತ್ತರೆ ಅದರ ಚರ್ಮ ಒಯ್ದು ಒಡೆಯನ ಮುಂದೆ ಹಾಸಬೇಕು. ಇಲ್ಲದಿದ್ದರೆ ಕುರಿ ಮಾರಿಕೊಂಡ ಅನ್ನೋ ಮಾತು ಬರುತ್ತಿತ್ತು. ಬಳ್ಳಿಗಾವಿಯ ತೋಟಪ್ಪಗೌಡರ ಕುರಿ ಕಾಯುತ್ತಿದ್ದ ಚೌಡಪ್ಪನಿಗೆ ಆ ಮಾತು ಒಮ್ಮೆಯೂ ಬಂದಿರಲಿಲ್ಲ.

ತೊಂಬತ್ತಾರರ ಮುಂಗಾರಿನಲ್ಲಿ, ಮೇಯುತ್ತಿದ್ದ ಹೆಣ್ಣು ಕುರಿಯೊಂದು ನಡುಗಿ ಬಿತ್ತು. ಮೂಗಿನಿಂದ ಕಪ್ಪು ರಕ್ತ ಇಳಿಯಿತು, ಹೆಪ್ಪುಗಟ್ಟಲಿಲ್ಲ. ಚೌಡಪ್ಪನ ಹೆಂಡತಿ ದುರುಗಮ್ಮ ಸೊರಬದ ಚಂದ್ರಗುತ್ತಿ ಕಡೆಯವಳು. ತವರಿನಲ್ಲಿ ಇಂಥದ್ದನ್ನು ಕಂಡಿದ್ದಳು.

"ನೆರಡಿ ರೋಗ ಇದು, ಕೊಯ್ದೋರಿಗೂ ಹತ್ತತದೆ. ಕೊಯ್ಯಬ್ಯಾಡ್ರಿ, ಹಂಗೇ ಹೂಳಾಣ."

"ಹೂತು ಗೌಡ್ರಿಗೆ ಏನ್ ಹಾಸ್ಲಿ, ನಿನ್ನ ಸೆರಗಾ?" ಅಂತ ಚೌಡಪ್ಪ ಚೂರಿ ಮಸೆದ.

ಚರ್ಮ ಒಪ್ಪಿಸಿ ಬಂದ ವಾರದೊಳಗೆ ಅವನ ಮುಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಇದ್ದಿಲಿನ ಹಾಗೆ ಕಪ್ಪಾಯಿತು. ದುರುಗಮ್ಮ ಆಸ್ಪತ್ರೆ ಅಂದಾಗೆಲ್ಲ ಆ ಕಪ್ಪನ್ನು ಬೆರಳಿಂದ ತಟ್ಟಿ ನಗುತ್ತಿದ್ದ. "ನೋಡ್ಲೇ, ಕೀವಿಲ್ಲ, ನೋವಿಲ್ಲ. ಇದಕ್ಕೂ ಡಾಕ್ಟ್ರು ಬೇಕಾ?"

ಊತ ತೋಳಿಗೆ ಹತ್ತಿ, ಜ್ವರದಲ್ಲಿ ಬಡಬಡಿಸತೊಡಗಿದ ಮೇಲೆ ಅವನನ್ನು ಶಿಕಾರಿಪುರಕ್ಕೆ ಒಯ್ದಳು.

ಸೂಜಿ ಹಾಕಿದ ಡಾಕ್ಟರಮ್ಮ ಹೇಳಿದರು: "ನಮ್ಮ ರಕ್ತದಲ್ಲಿ ಕಾವಲು ಕಣ ಇರ್ತಾವಮ್ಮ. ಅವುಗಳ ಮೈಮೇಲೆ ಹಿಡಿಕೆ ಥರ ಇರ್ತದೆ. ಈ ರೋಗದ ವಿಷ ಆ ಹಿಡಿಕೆ ಹಿಡಿದೇ ಒಳಗೆ ಇಳಿಯುತ್ತೆ. ಆಮೇಲೆ ಆ ಕಣ ಉಳಿದ ಕಾವಲಿನವರನ್ನ ಕೂಗಿ ಕರೆಯಲ್ಲ, ಅದಕ್ಕೇ ಕೀವು ಕಾಣಲ್ಲ."

"ಕಳ್ಳ ಮೊದ್ಲು ನಾಯಿ ಬಾಯಿ ಕಟ್ಟಿ ಮಂದೆಗೆ ನುಗ್ಗಿದಂಗ್ರಾ?"

"ಹಂಗೇ. ಔಷಧಿ ರೋಗದ ಹುಳ ಕೊಲ್ತದೆ. ಆಗಲೇ ಇಳಿದ ವಿಷ ವಾಪಸ್ ಬರಲ್ಲ. ತಡ ಮಾಡಿದ್ರಿ."

ಮಂಗಳವಾರ ಚೌಡಪ್ಪ ತೀರಿಕೊಂಡ.

ಅವನ ತಿಥಿ ಕಾರ್ಯ ಮುಗಿಯುವ ಮೊದಲೇ ಇನ್ನೊಂದು ಕುರಿ ಹಾಗೇ ಬಿತ್ತು. ದುರುಗಮ್ಮ ಅದನ್ನು ಮುಟ್ಟದೆ, ಗೌಡರಿಗೆ ಹೇಳಿಕಳಿಸಿದಳು. ಗೌಡರು ಬಂದವರೇ, "ಚರ್ಮ ಸುಲಿಸಿಲ್ವೇನಮ್ಮ? ಚೌಡ ಇದ್ದಿದ್ರೆ ಹಿಂಗೆ ಮಾಡ್ತಿರಲಿಲ್ಲ ಬಿಡು" ಅಂದರು.

ಅವಳು ಡಾಕ್ಟರಮ್ಮನ ಮಾತು ಅಷ್ಟನ್ನೂ ಬಿಡದೆ ಹೇಳಿದಳು. ಆಮೇಲೆ ಗಂಡನ ಚೂರಿ ತಂದು ಅವರ ಕಾಲ ಬಳಿ ಇಟ್ಟಳು.

"ಚರ್ಮ ಬೇಕೇ ಬೇಕಂದ್ರೆ ನೀವೇ ಸುಲಕೊಳ್ರಿ ಗೌಡ್ರೇ."

ಗೌಡರು ಟವೆಲ್ಲಿನಿಂದ ಮೂಗು ಮುಚ್ಚಿ ಹಿಂದೆ ಸರಿದರು. "ನನ್ನಿಂದಾಗೋ ಕೆಲಸೇನೇ ಅದು?"

"ನಮ್ಮವ್ರಿಗೂ ಆಗ್ಲಿಲ್ರಿ."

ಒಬ್ಬಳೇ ಆಳಕ್ಕೆ ಗುಂಡಿ ತೋಡಿ, ಕುರಿಗೆ ಹಗ್ಗ ಹಾಕಿ ಎಳೆದು, ಸುಣ್ಣ ಸುರಿದು ಮುಚ್ಚಿದಳು. ಮಾರನೇ ದಿನ ಗೌಡರು ಮಂದೆಯನ್ನು ಅವಳ ಮೈದುನ ಮಾಳೇಶನಿಗೆ ವಹಿಸಿದರು. ಕುರಿ ಹೊಡಕೊಂಡು ಹೋಗಲು ಬಂದವನಿಗೆ ದುರುಗಮ್ಮ ಕೈ ಮುಗಿದಳು.

"ಸತ್ತದ್ದನ್ನ ಕೊಯ್ಯಬ್ಯಾಡಪ್ಪ. ನಿಮ್ಮಣ್ಣನ್ನ ನೋಡಿದೀಯಲ್ಲ."

"ಆತು ಬಿಡತ್ತಿಗಿ. ಆದ್ರೆ ಗೌಡ್ರು ಚರ್ಮ ಕೇಳಿದ್ರೆ ಏನ್ ಹೇಳ್ಲಿ?" ಅಂದ ಮಾಳೇಶ. ಅವನ ಸೊಂಟದಲ್ಲಿ ಹೊಸ ಚೂರಿ ಇತ್ತು.