ಚಾಕಿ ಮನೆಯ ಮೂರು ಬೀಗ

ನಾನು ಮಡಕಶಿರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಕ್ರಾಂತಿ ಮಾಡಿದವರು ಬರೆದ ಸಂವಿಧಾನ ಓದಿದರೆ ಅವರು ಓಡಿಸಿದ ದೊರೆ ಎಂಥವನೆಂದು ತಿಳಿಯುತ್ತದೆ, ಅವನು ಮಾಡಿದ್ದಕ್ಕೆಲ್ಲ ಒಂದೊಂದು ಅಡ್ಡಿ ಹಾಕಿರುತ್ತಾರೆ ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಅದನ್ನು ಕಣ್ಣಾರೆ ಕಂಡದ್ದು ಮಾತ್ರ ರೊಳ್ಳದ ಹತ್ತಿರದ ನಮ್ಮೂರಿನಲ್ಲಿ.

ಅಲ್ಲಿ ರೇಷ್ಮೆ ಬೆಳೆಗಾರರದೊಂದು ಸಂಘ. ಮೊಟ್ಟೆಯೊಡೆದ ಹುಳುಗಳನ್ನು ಮೊದಲ ಕೆಲವು ದಿನ ಸಂಘದ ಚಾಕಿ ಮನೆಯಲ್ಲಿ ಒಟ್ಟಿಗೆ ಸಾಕಿ, ಆಮೇಲೆ ಮನೆಮನೆಗೆ ಹಂಚುತ್ತಾರೆ. ಬೀಗದಕೈ ಅಧ್ಯಕ್ಷನ ಸೊಂಟದಲ್ಲಿರುತ್ತಿತ್ತು. ಗಟ್ಟಿ ಹುಳು ಅವನ ನೆಂಟರಿಗೆ, ಸೊರಗಿದ್ದು ನಮ್ಮಕ್ಕನಂಥವರಿಗೆ. ಗಂಡನಿಲ್ಲದ ಅಕ್ಕನಿಗೆ ಈ ಬೆಳೆ ಬಿಟ್ಟರೆ ಬೇರೆ ಜೀವನವಿಲ್ಲ. ಕೊನೆಗೊಂದು ದಿನ ಎಲ್ಲರೂ ತಿರುಗಿಬಿದ್ದು ಅವನನ್ನು ಇಳಿಸಿದರು. ಮುಂದೆ ನಿಂತು ಕೂಗಾಡಿದ್ದು ಅಕ್ಕನೇ.

ಹೊಸ ನಿಯಮ ಮಾಡುವ ಸಭೆಗೆ ನನ್ನನ್ನೂ ಕರೆದರು. ನಾನೇ ಹುಟ್ಟಾ ಅನುಮಾನದವನು. ಅಲ್ಲಿ ನನ್ನನ್ನು ಮೀರಿಸುವವರಿದ್ದರು. ಒಬ್ಬನ ಕೈಗೆ ಬೀಗದಕೈ ಕೊಡಕೂಡದು ಎಂದರು. ಇಬ್ಬರಾದರೆ ಒಳಗೊಳಗೇ ಒಂದಾಗುತ್ತಾರೆ ಎಂದರು. ಕೊನೆಗೆ ಮೂರು ಕೇರಿಗೆ ಮೂರು ಬೀಗ, ಕೇರಿಗೊಬ್ಬನ ಕೈಯಲ್ಲಿ ಒಂದೊಂದು ಬೀಗದಕೈ, ಮೂವರೂ ಬಂದರಷ್ಟೇ ಬಾಗಿಲು. ಬೀಗ ಅತಿಯಾಯಿತೆಂದು ನಾನು ಗೊಣಗಿದೆ. ಹಳೇ ಅಧ್ಯಕ್ಷ ಏನು ತಿನ್ನಿಸಿದ್ದಾನೆಂದು ಒಬ್ಬ ನನ್ನನ್ನೇ ಕೇಳಿದ. ಮೈ ಉರಿದುಹೋಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವರು ಒಳಗಿನವರಿಗೆ ಉಸಿರಾಡಲೂ ಸಂದಿ ಬಿಡಲಿಲ್ಲ.

ಎಳೆ ಹುಳುಗಳಿಗೆ ಹೊತ್ತುಹೊತ್ತಿಗೆ ಹಿಪ್ಪುನೇರಳೆಯ ಎಳೆಸೊಪ್ಪು ಕೊಚ್ಚಿ ಹಾಕಬೇಕು. ಬೇಸಿಗೆ ರಜೆಗೆ ನಾನು ಊರಿನಲ್ಲಿದ್ದಾಗ ಒಂದು ಬೆಳಿಗ್ಗೆ ಬೀಗದಕೈಯವರಲ್ಲಿ ಇಬ್ಬರೇ ಬಂದರು. ಮೂರನೆಯವನು ಬೀಗದಕೈ ಜೇಬಿನಲ್ಲಿಟ್ಟುಕೊಂಡು ಪಾವಗಡಕ್ಕೆ ಹೋಗಿದ್ದ, ಫೋನೂ ಎತ್ತಲಿಲ್ಲ. ಅಕ್ಕ ಸೊಪ್ಪಿನ ಮಂಕರಿ ಮುಂದಿಟ್ಟುಕೊಂಡು ಹೊಸಿಲ ಬಳಿ ಕೂತಳು. ಬೀಗ ಒಡೆಯೋಣ ಎಂದೆ. ಒಡೆದರೆ ನಾವೇ ಹುಳು ಕದ್ದೆವೆಂದು ಹೇಳುತ್ತಾರೆಂದು ಆ ಇಬ್ಬರೂ ಬಿಡಲಿಲ್ಲ. ಮೂರನೆಯವನು ಮರುದಿನ ಬಂದು ಬಸ್ಸು ಸಿಗಲಿಲ್ಲ ಎಂದ. ನಾನು ಈಗಲೂ ಅದನ್ನು ನಂಬಿಲ್ಲ.

ಬಾಗಿಲು ತೆಗೆದಾಗ ಹುಳುಗಳು ತಟ್ಟೆಗೆ ಅಂಟಿಕೊಂಡು ಒಣಗಿದ್ದವು. ಅಕ್ಕ ಅಳಲಿಲ್ಲ. ನನಗೇ ಅಳು ಬಂತು.

"ಆ ಹಳೇ ಅಧ್ಯಕ್ಷ ಕಳ್ಳನೇ ಕಣಪ್ಪ," ಎಂದಳು. "ಆದ್ರೆ ಹೊತ್ತಿಗೆ ಸರಿಯಾಗಿ ಬಾಗ್ಲು ತೆಗೀತಿದ್ದ."

ಮುಂದಿನ ಸಭೆಯಲ್ಲಿ ಹಳಬನನ್ನೇ ಮತ್ತೆ ತರೋಣವೇ ಎಂದು ಯಾರೋ ಮೆಲ್ಲಗೆ ಕೇಳಿದರು. ಮೊದಲು ಕೈ ಎತ್ತಿದವಳು ಅಕ್ಕ.