ಬಾಯಮ್ಮನ ಸೊಳ್ಳೆಪರದೆ

ಮೊನ್ನೆ ಆಫೀಸಿನಲ್ಲಿ ಯಾರೋ ಖರ್ಜೂರದ ಡಬ್ಬಿ ತೆರೆದರು. ಆ ಬೆಲ್ಲದಂಥ ಅಂಟು ವಾಸನೆ ಮೂಗಿಗೆ ಬಂದದ್ದೇ ತಡ, ಕುರ್ಚಿ ಹಿಂದಕ್ಕೆ ಸರಿಸಿದೆ. ತಗೊಳ್ಳಿ ಎಂದು ಒತ್ತಾಯ ಮಾಡಿದರೆ, ಶುಗರ್ ಇದೆ ಎಂದು ಸುಳ್ಳು ಹೇಳಿದೆ. ದುಬೈಯಲ್ಲಿದ್ದುಕೊಂಡು ಖರ್ಜೂರ ಕಂಡರೆ ಹೆದರುವವಳು ನಾನೊಬ್ಬಳೇ ಇರಬೇಕು. ನಗುವವರು ನಗಲಿ.

ಹತ್ತು ವರ್ಷಗಳಿಗೂ ಹಿಂದಿನ ಮಾತು. ಆಗ ನಾವು ಇಲ್ಲೇ ಕರಾಮ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿದ್ದೆವು. ಎದುರು ಮನೆಯಲ್ಲಿ ಬಾಯಮ್ಮ ಇದ್ದರು. ನಮ್ಮ ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೇ ಕರೆಯುವುದು. ಆಸ್ಪತ್ರೆಯಲ್ಲಿ ನರ್ಸ್, ಒಂಟಿ ಜೀವ, ಗದರುವುದರಲ್ಲಿ ಎತ್ತಿದ ಕೈ. ನನ್ನ ಬಾಣಂತನಕ್ಕೆ ಅಮ್ಮನಿಗೆ ಬರಲಾಗದಿದ್ದಾಗ ಮಗಳಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದವರು ಅವರೇ. ಮಗು ಅತ್ತರೂ ಬೈಗುಳ ನನಗೇ.

ಎಲ್ಲರೂ ರಜೆ ಸಿಕ್ಕಿದರೆ ಊರಿಗೆ ಓಡುತ್ತಾರೆ. ಬಾಯಮ್ಮ ಆ ವರ್ಷ ಕೂಡಿಟ್ಟ ರಜೆಯನ್ನೆಲ್ಲ ಒಟ್ಟು ಮಾಡಿ ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಗೆ ಹೊರಟರು. ಅಲ್ಲಿನ ಪುಟ್ಟ ಆರೋಗ್ಯ ಕೇಂದ್ರದಲ್ಲಿ ಎರಡು ತಿಂಗಳು ಸಂಬಳವಿಲ್ಲದ ಸೇವೆ.

"ನಿಮಗೆ ತಲೆ ಸಮ ಉಂಟಾ ಬಾಯಮ್ಮಾ?" ಎಂದೆ.

"ತಲೆ ಸಮ ಇದ್ದವರೆಲ್ಲ ಇಲ್ಲಿ ಏಸಿ ಹಾಕಿ ಮಲಗಿದ್ದಾರಲ್ಲ, ಸಾಕು!" ಎಂದರು.

ನಮಗೆ ಗಲ್ಫಿನವರಿಗೆ ಒಂದು ಚಟವಿದೆ. ಹೊರಡುವವರ ಬ್ಯಾಗಿನಲ್ಲಿ ಅಂಗೈಯಗಲ ಜಾಗ ಉಳಿದರೂ ಜೀವ ತಡೆಯುವುದಿಲ್ಲ. ಬರಿಗೈಯಲ್ಲಿ ಕಳಿಸುವುದಾದರೂ ಹೇಗೆ? ಕೊಕ್ಕೆಯ ತಕ್ಕಡಿಗೆ ಬ್ಯಾಗು ನೇತುಹಾಕುವುದು, ಮೂವತ್ತು ಕಿಲೋ ದಾಟಿದರೆ ಒಂದನ್ನು ತೆಗೆದು ಇನ್ನೊಂದನ್ನು ತುರುಕುವುದು. ಇದರಲ್ಲಿ ನಾನು ಇಡೀ ಬಿಲ್ಡಿಂಗಿಗೇ ಹೆಸರುವಾಸಿ. ಹೊರಡುವ ಸಂಜೆ ಬಾಯಮ್ಮ ಬ್ಯಾಗು ಮುಚ್ಚುವ ಕೆಲಸ ನನಗೆ ಒಪ್ಪಿಸಿ ಊದ್ ಮೇಥಾದ ಚರ್ಚಿಗೆ ಹೋದರು. ಆ ಹಳ್ಳಿಯ ಮಕ್ಕಳಿಗೆಂದು ನಾನು ಎರಡು ಕಿಲೋ ಖರ್ಜೂರ ತಂದಿದ್ದೆ. ಅದನ್ನಿಟ್ಟರೆ ತೂಕ ಮೀರಿತು. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಾರ ಬಿಗಿದ ದಪ್ಪನೆಯ ಗಂಟೊಂದು ಕೈಗೆ ಸಿಕ್ಕಿತು. ಹಳೇ ಹೊದಿಕೆಯೋ ಏನೋ, ಅಲ್ಲಿ ಸಿಗುವುದಿಲ್ಲವೇ ಎಂದುಕೊಂಡು ಬಿಚ್ಚಿಯೂ ನೋಡದೆ ಅವರ ಸೋಫಾದ ಹಿಂದೆ ಇಟ್ಟೆ. ತೂಕ ಸರಿಹೋಯಿತು. ಖರ್ಜೂರದ ಸುದ್ದಿ ಹೇಳಲಿಲ್ಲ; ಹೇಳಿದರೆ ತೆಗೆಸುತ್ತಿದ್ದರು.

ಮೂರನೇ ದಿನ ಗಿಡಗಳಿಗೆ ನೀರು ಹಾಕಲು ಅವರ ಮನೆ ಬಾಗಿಲು ತೆರೆದೆ. ಗಂಟು ಕಣ್ಣಿಗೆ ಬಿತ್ತು. ಬಿಚ್ಚಿದರೆ ಸೊಳ್ಳೆಪರದೆ! ಅದರ ಮಡಿಕೆಗಳ ನಡುವೆ, ನುಜ್ಜಾಗದಿರಲೆಂದು ಜೋಪಾನವಾಗಿಟ್ಟ ಮಾತ್ರೆಗಳು. ಮಲೇರಿಯಾ ಬಾರದಂತೆ ನುಂಗುವ ಮಾತ್ರೆಗಳು. ಅಯ್ಯೋ ದೇವರೇ, ನಾನು ಮಾಡಿದ್ದಾದರೂ ಏನು... ಅಲ್ಲಿ ಅದು ಮಳೆಗಾಲ.

ಗಂಡ ಹೇಳಿದ್ದು ಒಂದೇ ಮಾತು. "ಆದದ್ದು ಆಯ್ತು, ಖಲಾಸ್. ಫೋನ್ ಬಂದಾಗ ಹೇಳಿಬಿಡು. ಅಲ್ಲೇ ಪೇಟೆಯಲ್ಲಿ ತಗೊಳ್ತಾರೆ."

ಅಷ್ಟೇ ಮಾಡಬೇಕಿತ್ತು.

ಬಾಯಮ್ಮನ ಫೋನ್ ಬರುತ್ತಿದ್ದದ್ದು ಶುಕ್ರವಾರ, ನನಗೆ ರಜೆಯ ದಿನ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ಲು. ಮೊದಲ ಶುಕ್ರವಾರ ಅವರ ದನಿಯಲ್ಲಿ ಎಂಥ ಹುರುಪು! ಮಾವಿನ ಮರದ ಕೊಂಬೆಗೆ ತಕ್ಕಡಿ ಕಟ್ಟಿ ಕೂಸುಗಳನ್ನು ತೂಗುತ್ತಾರಂತೆ. ಕೊಳವೆಬಾವಿಯ ಮುಂದೆ ಬೆಳಗ್ಗೆಯೇ ಹೆಂಗಸರ ಸಾಲು; ಇವರು ತಲೆಮೇಲೆ ಕೊಡ ಹೊತ್ತು ಮೈಯೆಲ್ಲ ನೆನೆಸಿಕೊಂಡದ್ದನ್ನು ನೋಡಿ ಊರಿಗೆ ಊರೇ ನಕ್ಕಿತಂತೆ. ದಿನಾ ಮೆಕ್ಕೆಜೋಳದ ಬಿಳಿ ಮುದ್ದೆ, ಸೊಪ್ಪು. ಯಾರಾದರೂ ತೀರಿಕೊಂಡರೆ ಆರೋಗ್ಯ ಕೇಂದ್ರಕ್ಕೂ ಬೀಗ, ಇಡೀ ಹಳ್ಳಿ ಸಾವಿನ ಮನೆಯಲ್ಲಿ. "ಖರ್ಜೂರ ಮಕ್ಕಳಿಗೆ ಭಾರೀ ಖುಷಿ ಆಯ್ತು ಮಾರಾಯ್ತಿ," ಎಂದರು. ಪರದೆಯ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಫೋನ್ ಕಟ್ಟಾಯಿತು.

ಮುಂದಿನ ವಾರ ಹೇಳುತ್ತೇನೆ ಎಂದುಕೊಂಡೆ. ಮುಂದಿನ ವಾರವೂ ಹಾಗೇ. ಬೈಯುತ್ತಾರೆಂಬ ಹೆದರಿಕೆಯಲ್ಲ, ಬೈಗುಳ ನನಗೆ ರೂಢಿಯೇ. ಅವರು ಬೈಯದೆ ಸುಮ್ಮನಾಗಿಬಿಟ್ಟರೆ? ಒಂದು ಗುಟ್ಟು ಮುಚ್ಚಿಡಲು ಒಂದು ಜೀವವನ್ನೇ ಪಣಕ್ಕಿಟ್ಟಿದ್ದೆ. ಅನ್ನ ಸೇರುತ್ತಿರಲಿಲ್ಲ. ಕರಾಮದಲ್ಲಿ ಸೊಳ್ಳೆಯೊಂದು ಗುಂಯ್ ಎಂದರೂ ಎದೆ ಧಸಕ್ಕೆನ್ನುತ್ತಿತ್ತು. ಗಂಟನ್ನು ಹೊತ್ತುಕೊಂಡು ಕೊರಿಯರ್ ಅಂಗಡಿಗೂ ಹೋಗಿದ್ದೆ. ಅವನು ಹಳ್ಳಿಯ ಹೆಸರು ಕೇಳಿ, "ಮಾಫಿ, ಅಲ್ಲಿಗೆಲ್ಲ ಇಲ್ಲ," ಎಂದು ಕೈಯಾಡಿಸಿಬಿಟ್ಟ.

ನಾಲ್ಕನೇ ಶುಕ್ರವಾರ ಫೋನ್ ಬರಲಿಲ್ಲ.

ನಾನೇ ಮಾಡಿದರೆ ಸ್ವಿಚ್ ಆಫ್. ಶನಿವಾರ, ಭಾನುವಾರ, ಇಡೀ ವಾರ ಸ್ವಿಚ್ ಆಫ್. ಐದನೇ ಶುಕ್ರವಾರವೂ ಇಲ್ಲ. ನಾನು ಕೊಂದುಬಿಟ್ಟೆ, ಕೊಂದುಬಿಟ್ಟೆ ಎಂದು ಅಡುಗೆಮನೆಯಲ್ಲಿ ನಿಂತು ಗೊಣಗುತ್ತಿದ್ದೆನಂತೆ. ಮಗಳು ಹೆದರಿ ಅಪ್ಪನನ್ನು ಕರೆತಂದಳು. ನಾನು ದೀಪ ಹಚ್ಚುವವಳು, ಆದರೂ ಊದ್ ಮೇಥಾಕ್ಕೆ ಹೋಗಿ ಅವರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಬಂದೆ. ಏನು ಬೇಡಿಕೊಂಡೆನೋ...

ಆರನೇ ವಾರ ಫೋನ್ ಬಂತು. ಗುರುತೇ ಸಿಗದಷ್ಟು ಸಣ್ಣ ದನಿ. ಮಲೇರಿಯಾ ಜ್ವರ ತಲೆಗೇರಿತ್ತಂತೆ, ಎತ್ತಿನಗಾಡಿಯಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಿದರಂತೆ. ನಾನು ಅಳುತ್ತಲೇ ಎಲ್ಲ ಹೇಳಿದೆ. ಖರ್ಜೂರ, ಗಂಟು, ಸೋಫಾ, ಎಲ್ಲ.

ಬಾಯಮ್ಮ ಅಂದರು, "ಗೊತ್ತುಂಟು. ಬ್ಯಾಗು ಬಿಚ್ಚಿದ ದಿನವೇ ಗೊತ್ತಾಯ್ತು. ಇದು ನಿನ್ನದೇ ಕೈ ಅಂತ."

"ಮತ್ತೆ ನೀವು ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಲ್ಲೇ ಹೆದರಿ ಸಾಯ್ತಿದ್ದಿ. ಪೇಟೆಯಿಂದ ಮಾತ್ರೆಗೆ ಹೇಳಿದ್ದೆ, ಮಳೆಗೆ ದಾರಿಯೇ ಕೊಚ್ಚಿ ಹೋಯ್ತು. ಇಲ್ಲಿರುವ ಪರದೆಗಳು ಬಸುರಿ, ಬಾಣಂತಿಯರಿಗೆ ಅಂತ ಬಂದದ್ದು. ಅದನ್ನು ನಾನು ಹಾಕಿಕೊಳ್ಳುವುದಾ? ಸಾಕು ಅಳಬೇಡ. ಇದನ್ನು ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ."

ಬಾಯಮ್ಮ ವಾಪಸು ಬಂದಾಗ ಅರ್ಧವಾಗಿದ್ದರು. ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಮೊದಲಿನ ಹಾಗೆ ಡ್ಯೂಟಿ ಮಾಡಲಾಗಲಿಲ್ಲ. ವರ್ಷದೊಳಗೆ ವೀಸಾ ಕ್ಯಾನ್ಸಲ್ ಮಾಡಿಸಿ ಮಂಗಳೂರಿಗೆ, ತಂಗಿಯ ಮನೆಗೆ ಹೋದರು. ಎರಡು ವರ್ಷ ಬದುಕಿದರು. ಆ ಜ್ವರಕ್ಕೂ ಸಾವಿಗೂ ಸಂಬಂಧವಿತ್ತೇ? ಇರಲಿಕ್ಕಿಲ್ಲ ಎನ್ನುತ್ತಾರೆ ಗಂಡ. ಡಾಕ್ಟರರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮಣ್ಣಿಗೆ ಹೋಗಲಾಗಲಿಲ್ಲ, ರಜೆ ಸಿಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ತಂಗಿಯ ಮನೆಗೆ ಹೋದೆ. ಅವರು ಚಾ ಕೊಟ್ಟು, ಅಕ್ಕನ ಫೋಟೋ ನೋಡುತ್ತ, "ದೊಡ್ಡ ನರ್ಸ್ ಅಂತೆ! ಪರದೆ, ಮಾತ್ರೆ ಎಲ್ಲ ದುಬೈಯಲ್ಲೇ ಮರೆತು ಹೋದವಳು. ಅವಳೇ ಹೇಳಿದ್ದು, ನಾನೇ ಮರೆತೆ ಅಂತ. ಸಾಯುವವರೆಗೂ ನಾನು ಅದಕ್ಕೆ ಬೈದಿದ್ದೇನೆ ಮಾರಾಯ್ತಿ. ಬೈದ್ರೆ ನಗ್ತಿದ್ದಳು," ಎಂದರು.

ಲೋಟ ಕೆಳಗಿಟ್ಟೆ. ಹೇಳು, ಈಗಲಾದರೂ ಹೇಳು ಎಂದು ಮನಸ್ಸು ಕಿರುಚುತ್ತಿತ್ತು. ನಾನು "ಹೂಂ" ಅಂದೆ. ಅಷ್ಟೇ ಅಂದದ್ದು.

ಆ ತಂಗಿ ಕನ್ನಡದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ, ಈಗಲೂ ಹೆದರುತ್ತಲೇ... ಅಕ್ಕಾ, ನಿಮ್ಮ ಬಾಯಲ್ಲಿ ಬೈಸಿಕೊಳ್ಳಬೇಕಾದವಳು ನಾನು. ಬಾಯಮ್ಮ ಏನನ್ನೂ ಮರೆತು ಹೋಗಿರಲಿಲ್ಲ.